ಅಪ್ಪನ ಪಟ್ಟಿಹುಲ್ಲು, ಅತ್ತೆಯ ಬೆಕ್ಕು

ಬೆಕ್ಕು ಸಾಕಿದ ಮನೆಯಲ್ಲಿ ಅಂದಕ್ಕೆಂದು ಹುಲ್ಲು ಬೆಳೆಸಬಹುದೇ, ಬೆಕ್ಕು ಅದನ್ನು ತಿಂದರೆ ಏನಾದರೂ ಆದೀತೇ ಎಂದು ಯಾರಾದರೂ ಕೇಳಿದರೆ, ‘ಏನೂ ಆಗೋದಿಲ್ಲ, ಧಾರಾಳವಾಗಿ ಬೆಳೆಸಿ’ ಎಂದು ಹೇಳಿ ನಾನು ಸುಮ್ಮನಾಗಬೇಕು. ಹಾಗೆ ಸುಮ್ಮನಾಗುವ ಜಾಯಮಾನ ನನ್ನದಲ್ಲ. ಕೇಳಿದವರನ್ನು ಕೂರಿಸಿಕೊಂಡು ಇಡೀ ಕಥೆ ಹೇಳುತ್ತೇನೆ. ಅವರು ಗಡಿಯಾರ ನೋಡಿದರೂ ಬಿಡುವುದಿಲ್ಲ. ಈ ಒಂದು ಉತ್ತರ ನನ್ನ ಅಪ್ಪ ಬದುಕಿದ್ದಾಗ ನನ್ನ ಕೈಯಲ್ಲಿ ಇರಲಿಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಅಪ್ಪ ರಾಯಚೂರು ಸ್ಟೇಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಹಳಿಗಳಿಂದ ಸ್ವಲ್ಪ ದೂರದಲ್ಲಿ ಸಾಲಾಗಿ ಕಟ್ಟಿದ್ದ ಕ್ವಾರ್ಟರ್ಸ್‌ಗಳಲ್ಲಿ ಕೊನೆಯದು ನಮ್ಮದು. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಅಪ್ಪನಿಗೆ ಮನೆಯೊಳಗೆ ಕೂರುವುದೇ ಆಗುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ನಾನು ಹೋಗಿ ಊಟಕ್ಕೆ ಕರೆದುಕೊಂಡು ಬರಬೇಕಿತ್ತು. ಹೀಗಿರುವಾಗ ಒಂದು ದಿನ, ವರ್ಗವಾಗಿ ಹೋಗುತ್ತಿದ್ದ ಯಾರೋ ಸಾಹೇಬರ ಬಂಗಲೆಯ ಹೊರಗೆ ಬಿಸಾಡಿದ್ದ ಒಡೆದ ಕುಂಡವೊಂದನ್ನು ಎತ್ತಿಕೊಂಡು ಮನೆಗೆ ಬಂದ. ಅದರಲ್ಲಿ ಒಂದು ಹಿಡಿ ಹುಲ್ಲು ಇತ್ತು. ಹಸಿರು ಎಲೆಯ ಉದ್ದಕ್ಕೂ ಬಿಳಿಯ ಗೆರೆಗಳು, ಯಾರೋ ಕೂತು ಕುಂಚದಿಂದ ಎಳೆದಂತೆ ನೆಟ್ಟಗೆ. ಅದರ ನಿಜವಾದ ಹೆಸರು ನಮಗೆ ಗೊತ್ತಿರಲಿಲ್ಲ. ಅಪ್ಪ ಪಟ್ಟಿಹುಲ್ಲು ಅಂದ, ನಾವೂ ಹಾಗೇ ಅಂದೆವು.

ಬಾಗಿಲಿನಿಂದ ಗೇಟಿನವರೆಗಿನ ಕಾಲುದಾರಿಯ ಎರಡೂ ಬದಿ ಅಪ್ಪ ಅದನ್ನು ನೆಟ್ಟ. ಬಚ್ಚಲ ನೀರು ಅದರ ಬುಡಕ್ಕೆ ಹೋಗುವಂತೆ ಸಣ್ಣ ಕಾಲುವೆ ತೋಡಿದ. ರಾಯಚೂರಿನ ಬಿಸಿಲಿಗೆ ಅದು ಸುಟ್ಟುಹೋಗಬೇಕಿತ್ತು, ಹೋಗಲಿಲ್ಲ. ಮೊಣಕಾಲೆತ್ತರ ಬೆಳೆದು ದಾರಿಗೆ ಬಾಗಿ ನಿಂತಿತು. ಆಗ ಕಲ್ಲಿದ್ದಲ ಎಂಜಿನ್ನುಗಳ ಕಾಲ. ಮಸಿ ಹಾರಿ ಬಂದು ಎಲೆಯ ಮೇಲೆ ಕೂತರೆ ಬಿಳಿ ಗೆರೆ ಕಾಣುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಹಲ್ಲುಜ್ಜುತ್ತ ತಂಬಿಗೆಯಿಂದ ನೀರು ಚಿಮುಕಿಸಿ ಎಲೆಗಳನ್ನು ತೊಳೆಯುತ್ತಿದ್ದ. ಪಕ್ಕದ ಮನೆಗಳವರು ಬದನೆ, ಪುಂಡಿಪಲ್ಯ ಬೆಳೆಯುತ್ತಿದ್ದರು. ಅವರಿಗೆ ಅಪ್ಪನನ್ನು ಕಂಡರೆ ನಗು.

“ತಿನ್ನಾಕ ಬರಲಾರದ್ದು ಬೆಳಸಿ ಏನ್ ಮಾಡ್ತಿಯೋ ಮಾರಾಯ?” ಎಂದು ಅವನ ಜೊತೆಯ ಪಾಯಿಂಟ್ಸ್‌ಮನ್ ಕೇಳುತ್ತಿದ್ದ.

“ತಿನ್ನೋದು ಬಜಾರದಾಗ ಸಿಗತದ. ಇದು ಎಲ್ಲಿ ಸಿಗತದ ಹೇಳು?” ಎಂದು ಅಪ್ಪ ಕೇಳುತ್ತಿದ್ದ.

ಓಣಿಯ ಬೆಕ್ಕುಗಳಿಗಂತೂ ಆ ಹುಲ್ಲು ತವರುಮನೆಯಾಗಿತ್ತು. ಮಧ್ಯಾಹ್ನ ಅದರ ತಂಪಿನಲ್ಲಿ ಮಲಗುತ್ತಿದ್ದವು. ಎದ್ದು ಮೈಮುರಿದು ನಾಲ್ಕು ಎಲೆ ಕಚ್ಚಿ, ಆಮೇಲೆ ನಮ್ಮ ಮೆಟ್ಟಿಲ ಮೇಲೇ ಕಾರಿಕೊಂಡು ಹೋಗುತ್ತಿದ್ದವು. ನಾನು ಬೈಯುತ್ತ ನೀರು ಹಾಕಿ ತೊಳೆಯುತ್ತಿದ್ದೆ. ಅಪ್ಪ ಮಾತ್ರ ಮತ್ತೆ ಸ್ಟೇಷನ್ನಿನ ಬೆಂಚಿಗೆ ಹೋಗಲಿಲ್ಲ. ಡ್ಯೂಟಿ ಮುಗಿಸಿ ನೇರವಾಗಿ ಮನೆಗೆ ಬಂದು ಹುಲ್ಲಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ. ನಾನು ಅಷ್ಟರಿಂದಲೇ ಆ ಹುಲ್ಲಿಗೆ ಋಣಿಯಾಗಿದ್ದೆ.

ಎಪ್ಪತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ಗಂಡ ಪ್ರೈಮರಿ ಶಾಲೆಯ ಮಾಸ್ತರು, ಊರು ದೇವದುರ್ಗ. ಕಳಿಸಿಕೊಡುವ ದಿನ ಅಪ್ಪ ಒಂದು ಬುಡ್ಡೆ ಹುಲ್ಲನ್ನು ಬೇರುಸಹಿತ ಕಿತ್ತು, ತೊಯ್ಸಿದ ಗೋಣಿತಟ್ಟಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

“ಯವ್ವಾ, ಬಚ್ಚಲ ನೀರು ಹೋಗೋ ಕಡಿ ಹಚ್ಚು. ಬಾಳ ಏನೂ ಕೇಳಂಗಿಲ್ಲ ಇದು,” ಅಂದ.

ಗಂಡನ ಮನೆಯಲ್ಲಿ ಇದ್ದವರು ಅತ್ತೆಯೊಬ್ಬರೇ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಒಣಬೇಸಾಯದ ಹೊಲವನ್ನು ಆಳುಗಳಿಂದ ಮಾಡಿಸಿ, ಮಗನನ್ನು ಓದಿಸಿದ ಹೆಂಗಸು. ನಗುವುದು ಕಡಿಮೆ. ಗೋಣಿತಟ್ಟು ಬಿಚ್ಚಿದಾಗ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಏನ್ ಬೇ ಇದು, ಹುಲ್ಲಿಗಿ ನಾಮ ಹಚ್ಚಿದಂಗ ಅದ. ನಿಮ್ಮಪ್ಪ ಬಂಗಾರ ಕೊಡಾಕ ಆಗಲಿಲ್ಲಂತ ಹುಲ್ಲು ಕೊಟ್ಟಾನೇನು?”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊಸ ಸೊಸೆ ಎಂಬುದೂ ಮರೆತುಹೋಯಿತು. “ಬಂಗಾರ ಬೆಳ್ಯಂಗಿಲ್ಲ ಅತ್ತಿ, ಇದು ಬೆಳೀತದ,” ಅಂದೆ.

ಗಂಡ ಮುಖ ಆಚೆ ತಿರುಗಿಸಿದ. ಅತ್ತೆ ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಮ್ಮಿಬ್ಬರಿಗೂ ಸರಿಹೋಯಿತು. ನನ್ನನ್ನು ಯವ್ವಾ ಎಂದು ಕರೆಯತೊಡಗಿದರು. ಹುಲ್ಲನ್ನು ಬಚ್ಚಲ ಮಗ್ಗುಲಿಗೆ ನೆಟ್ಟೆ, ಹತ್ತಿಕೊಂಡಿತು.

ಅತ್ತೆಗೊಂದು ಬೆಕ್ಕು ಇತ್ತು. ಹಳದಿ ಮೈ, ದಪ್ಪ ತಲೆ, ಮನೆಯ ಯಜಮಾನಿ ತಾನೇ ಎಂಬ ಗತ್ತು. ಅತ್ತೆ ಅದನ್ನು ಬೆಕ್ಕವ್ವ ಎಂದು ಕರೆಯುತ್ತಿದ್ದರು. ಮಗನಿಗೆ ಒಂದು ಮೆಚ್ಚುಗೆಯ ಮಾತು ಆಡದ ಬಾಯಿ ಬೆಕ್ಕಿನ ಮುಂದೆ ಬೆಣ್ಣೆಯಾಗುತ್ತಿತ್ತು. ಜೋಳದ ಚೀಲಗಳ ಮೇಲೆ ಅದರ ಹಾಸಿಗೆ. ಹಾಲು ಕಾಯಿಸಿದರೆ ಮೊದಲ ಬಟ್ಟಲು ಅದಕ್ಕೆ. ನಾನು ಬಂದ ವಾರದಲ್ಲೇ ಆ ಬೆಕ್ಕು ನನ್ನ ಹುಲ್ಲನ್ನು ಕಂಡುಹಿಡಿಯಿತು. ಬೆಳಿಗ್ಗೆ ಎದ್ದು ಬಚ್ಚಲ ಮಗ್ಗುಲಿಗೆ ಹೋಗುವುದು, ಕಣ್ಣು ಮುಚ್ಚಿಕೊಂಡು ಎಲೆ ಕಚ್ಚುವುದು.

“ನೋಡು ಯವ್ವಾ, ನಿಮ್ಮ ತವರುಮನಿ ಹುಲ್ಲು ಬೆಕ್ಕವ್ವಗ ರುಚಿ ಹತ್ತ್ಯದ,” ಎಂದು ಅತ್ತೆ ಕರೆದು ತೋರಿಸುತ್ತಿದ್ದರು. ಒಮ್ಮೊಮ್ಮೆ ಕಾರಿಕೊಳ್ಳುತ್ತಿತ್ತು. ನಮ್ಮ ಕರಕಿ ಹುಲ್ಲು ತಿಂದರೂ ಕಾರುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮದುವೆಯಾದ ಮರುವರ್ಷದ ದಸರಾ. ನಮ್ಮ ಕಡೆ ಹಬ್ಬಕ್ಕೆ ಮೊದಲು ಮನೆ ಸ್ವಚ್ಛ ಮಾಡುವುದೆಂದರೆ ಒಂದು ಯುದ್ಧ. ಒಳಗಿದ್ದದ್ದೆಲ್ಲ ಹೊರಗೆ ಬರಬೇಕು. ಕೌದಿ, ಪಾತ್ರೆ, ಚೀಲ, ಮಲಗುವ ಹೊರಸು ಎಲ್ಲ ಅಂಗಳಕ್ಕೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಹೊರಸಿನ ಸಂದುಗಳಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ತಿಗಣೆ ಸಾಯಲೆಂದು ತಗಣಿ ಪುಡಿ ಹಾಕುವುದು. ತಗಣಿಯ ಕಾಟ ಇಲ್ಲದ ಮನೆ ಆಗ ಯಾವುದಿತ್ತು? ಪುಡಿ ಬಜಾರಿನಲ್ಲಿ ಸಿಗುತ್ತಿತ್ತು, ಬೆಳ್ಳಗೆ, ಮೂಗಿಗೆ ಹತ್ತುವ ವಾಸನೆ. ಅತ್ತೆ ಒಂದು ತಗಡಿನ ಡಬ್ಬಿಯಲ್ಲಿ ಅದನ್ನು ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ಹೊರಸಿಗೂ ಅದೇ, ಕೋಳಿಗೂಡಿಗೂ ಅದೇ, ಚೀಲದ ಬುಡಕ್ಕೂ ಅದೇ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ನಾನು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದೆ. ಅತ್ತೆ ಬೆಕ್ಕನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರು. ಅದಕ್ಕೆ ಚಿಗಟ ಆಗಿದ್ದವು, ಕೆರೆದು ಕೆರೆದು ಕಿವಿಯ ಹಿಂದೆ ಕೂದಲು ಹೋಗಿತ್ತು. “ಎಲ್ಲಾದರದೂ ಹಬ್ಬ ಆತು, ನಿಂದ್ ಆಗಬ್ಯಾಡೇನು?” ಎಂದು ಮುದ್ದಿನಿಂದ ಗದರಿಸುತ್ತ, ಡಬ್ಬಿ ಅಲ್ಲಾಡಿಸಿ ಪುಡಿಯನ್ನು ಅದರ ಬೆನ್ನಿಗೆ, ಹೊಟ್ಟೆಗೆ, ಕತ್ತಿಗೆ ಉದುರಿಸಿ ಕೈಯಿಂದ ತಿಕ್ಕಿದರು. ಬೆಕ್ಕು ಸೀನಿತು. ನಾವಿಬ್ಬರೂ ನಕ್ಕೆವು. ಅದು ಕೊಸರಿಕೊಂಡು ಹೋಗಿ ಚೀಲದ ಮೇಲೆ ಕೂತು ಮೈ ನೆಕ್ಕಿಕೊಳ್ಳತೊಡಗಿತು. ನಾನು ಅದನ್ನು ಕಣ್ಣಾರೆ ನೋಡಿದೆ, ನೋಡಿ ಒಲೆ ಹಚ್ಚಲು ಹೋದೆ.

ಮರುದಿನ ಬೆಳಿಗ್ಗೆ ಬೆಕ್ಕು ಎಂದಿನಂತೆ ಹುಲ್ಲಿನ ಹತ್ತಿರ ಹೋಯಿತು. ಅವತ್ತು ನಾಲ್ಕು ಎಲೆಗೆ ನಿಲ್ಲಿಸಲಿಲ್ಲ, ಹಸಿದವರಂತೆ ತಿಂದಿತು. ಅಂಗಳದ ನಡುವೆ ಬಂದು ಕಾರಿಕೊಂಡಿತು. ಆಮೇಲೆ ಅದರ ಮೈ ನಡುಗತೊಡಗಿತು. ಬಾಯಿಂದ ಜೊಲ್ಲು ಸುರಿಯಿತು. ಕಾಲುಗಳು ಒಂದೊಂದು ಕಡೆ ಹೋದವು. ಅತ್ತೆ ಅದನ್ನು ಎತ್ತಿಕೊಂಡು ಬಾಯಿಗೆ ನೀರು ಬಿಟ್ಟರು, ಅರಿಶಿನ ಕಲಸಿ ನೆಕ್ಕಿಸಿದರು. ಹಬ್ಬದ ದಿನ, ದನದ ದವಾಖಾನೆಗೆ ಬೀಗ. ಮಧ್ಯಾಹ್ನ ಅದು ಅತ್ತೆಯ ತೊಡೆಯ ಮೇಲೆ ಸೆಟೆದು ಸತ್ತಿತು.

ಪಕ್ಕದ ಮನೆಯ ಹೆಂಗಸು ಬಂದು ಅಂಗಳದಲ್ಲಿ ಕಾರಿದ್ದನ್ನು ಕಡ್ಡಿಯಿಂದ ಕೆದಕಿದಳು. ಬಿಳಿಗೆರೆಯ ಎಲೆಗಳು ಹಾಗೇ ಇದ್ದವು. “ನೋಡ್ರಿ ಇಲ್ಲಿ. ಕರಕಿ ತಿಂದಿದ್ರ ಮಾತು ಬ್ಯಾರೆ. ಇದು ಯಾವ ಸಾಹೇಬನ ಬಂಗ್ಲೆ ಹುಲ್ಲೋ ಏನೋ,” ಅಂದಳು.

ಅತ್ತೆ ಆ ಎಲೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ. ಬೆಕ್ಕು ಕೊಂದ ಪಾಪ ಎಂಥದೆಂದು ನಮ್ಮ ಕಡೆಯ ಮಗುವಿಗೂ ಗೊತ್ತು. ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ತೀರದು ಎನ್ನುತ್ತಾರೆ. ನಾನು ಆ ಸಂಜೆಯೇ ನನ್ನ ಕೈಯಾರೆ ಹುಲ್ಲನ್ನು ಬುಡಸಮೇತ ಕಿತ್ತು ತಿಪ್ಪೆಗೆ ಎಸೆದೆ. ಅತ್ತೆ ಬೆಕ್ಕನ್ನು ಹಿತ್ತಲ ಬೇವಿನ ಕೆಳಗೆ ಉಪ್ಪು ಹಾಕಿಸಿ ಮಣ್ಣು ಮಾಡಿಸಿದರು. ಆ ವರ್ಷ ನಮ್ಮ ಮನೆಯಲ್ಲಿ ಹೋಳಿಗೆ ಮಾಡಲಿಲ್ಲ. ಯವ್ವಾ ಎಂದು ಕರೆಯುವುದೂ ನಿಂತಿತು.

ದೀಪಾವಳಿಗೆ ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬಂದ. ಒಂದು ಕೈಯಲ್ಲಿ ಬುಂದಿ ಉಂಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ತೊಯ್ಸಿದ ಗೋಣಿತಟ್ಟು. ಮಳೆ ಚೆನ್ನಾಗಿ ಆಗಿ ಹುಲ್ಲು ಹುಲುಸಾಗಿ ಬಂದಿತ್ತಂತೆ, ಇನ್ನೊಂದು ಬುಡ್ಡೆ ತಂದಿದ್ದ. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ನಾನು ಮುಂದೆ ಹೋಗಿ ತಟ್ಟನ್ನು ಕಸಿದುಕೊಂಡು ಬಚ್ಚಿಡಬೇಕು ಅನ್ನುವಷ್ಟರಲ್ಲಿ ಅತ್ತೆ ಹೊರಗೆ ಬಂದಿದ್ದರು.

“ಬೀಗರ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಅಂದರು. ದನಿ ಏರಿಸಲಿಲ್ಲ. “ನಿಮ್ಮ ಹುಲ್ಲು ತಿಂದು ನಮ್ಮ ಬೆಕ್ಕು ಸತ್ತೋತು. ಮಗಳ್ನ ಕೊಟ್ಟ ಮನಿಗಿ ಇಂಥಾದ್ದು ಕೊಟ್ಟು ಕಳಸ್ತಾರೇನ್ರಿ? ಆ ಪಾಪ ನನ್ನ ಮನಿ ಮ್ಯಾಲ ಕುಂತದ. ನಾಳೆ ಒಂದು ಕೂಸು ಹುಟ್ಟಿ ಅಂಗಳದಾಗ ಅಂಬೆಗಾಲು ಹಾಕಿದ್ರ, ಅದರ ಗತಿ ಏನಾಗಬೇಕಿತ್ರಿ?”

ಅಪ್ಪ ಗೋಣಿತಟ್ಟನ್ನು ಹಿಡಿದುಕೊಂಡೇ ನಿಂತಿದ್ದ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಉಂಡೆಯ ಡಬ್ಬಿ ಕಟ್ಟೆಯ ಮೇಲಿಟ್ಟು ಕೈ ಮುಗಿದ.

“ತಪ್ಪಾತ್ರಿ,” ಅಂದ. “ನನಗ ಗೊತ್ತಿರಲಿಲ್ರಿ.”

ಅಷ್ಟೇ. ನನ್ನ ಅಪ್ಪ ನನ್ನಂಥವನಲ್ಲ, ಎದುರುತ್ತರ ಅವನಿಗೆ ಬರುತ್ತಿರಲಿಲ್ಲ. ನಾಲ್ಕು ತುತ್ತು ಉಂಡು, ಕಟ್ಟೆಯ ಮೇಲೆ ಮಲಗಿ, ಮರುದಿನ ಮೊದಲ ಬಸ್ಸಿಗೆ ನನ್ನನ್ನು ಕರೆದುಕೊಂಡು ಹೊರಟ. ಗೋಣಿತಟ್ಟನ್ನು ಅಲ್ಲಿ ಬಿಸಾಡಲಿಲ್ಲ, ಯಾರದಾದರೂ ದನ ತಿಂದಾವು ಎಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡ. ಅವನ ಖಾಕಿ ಪ್ಯಾಂಟು ತೊಯ್ದುಹೋಗಿತ್ತು. ರಾಯಚೂರಿನವರೆಗೆ ಒಂದೇ ಮಾತು ಕೇಳಿದ. “ಬೆಕ್ಕು ಬಾಳ ಒದ್ದಾಡ್ತೇನವಾ?” ನಾನು ಇಲ್ಲ ಅಂದೆ.

ಮನೆ ಮುಟ್ಟಿದ ಮೇಲೆ ಅಪ್ಪ ನೀರು ಸಹ ಕುಡಿಯಲಿಲ್ಲ. ಸಲಿಕೆ ತೆಗೆದುಕೊಂಡು ಬಾಗಿಲಿನ ಬುಡದಿಂದ ಹುಲ್ಲು ಅಗೆಯತೊಡಗಿದ. ನಾನು ಸಲಿಕೆಯ ಕಾವು ಹಿಡಿದುಕೊಂಡೆ.

“ಯಪ್ಪಾ, ನಿಂಗೇನ್ ತಲಿ ಕೆಟ್ಟದೇನು? ಇಷ್ಟು ವರ್ಷ ಓಣಿ ಬೆಕ್ಕೆಲ್ಲ ಇದರಾಗ ಬಿದ್ದು ಹೊಳ್ಳಾಡ್ಯಾವ. ಒಂದರ ಸತ್ತದೇನು?”

ಅಪ್ಪ ಬೆವರು ಒರೆಸಿಕೊಂಡ. “ಸತ್ತಿದ್ರ ನಮಗ ಹೆಂಗ ಗೊತ್ತಾಗಬೇಕವಾ? ಬೆಕ್ಕು ಎಲ್ಲೋ ಹೋಗಿ ಸಾಯ್ತಾವ. ಆ ಕರಿ ಬೆಕ್ಕು ಒಮ್ಮೆ ಕಾಣದಂಗ ಆತು ನೋಡು. ಅದು ಇದರಿಂದನ ಇರಬೇಕು. ಮಂದಿ ಮಕ್ಕಳು ಇಲ್ಲೇ ಆಡ್ತಾವ. ಬಿಡು ಕೈ.”

ನಾನು ಬಿಟ್ಟೆ. ಉತ್ತರ ಕಣ್ಣೆದುರೇ ಇತ್ತು. ಅಷ್ಟು ಬೆಕ್ಕುಗಳು ಅಷ್ಟು ವರ್ಷ ತಿಂದು ಬದುಕಿದ್ದೇ ಅದರ ಸಾಕ್ಷಿ. ನನ್ನ ಬಾಯಿಂದಲೇ ಬಂದ ಮಾತು ಅದು. ಆದರೂ ಅಪ್ಪನ ಮುಂದೆ ಅದಕ್ಕೆ ಕಿಮ್ಮತ್ತಿರಲಿಲ್ಲ, ಅವನ ತಲೆಯಲ್ಲಿ ಆಗಲೇ ಕಾಣೆಯಾದ ಬೆಕ್ಕುಗಳ ಎಣಿಕೆ ಶುರುವಾಗಿತ್ತು. ಸಂಜೆಯೊಳಗೆ ದಾರಿಯ ಎರಡೂ ಬದಿ ಬರೀ ಕೆಂಪು ಮಣ್ಣು ಉಳಿಯಿತು. ಕಿತ್ತ ಹುಲ್ಲನ್ನು ಗೋಣಿತಟ್ಟಿನ ಬುಡ್ಡೆಯ ಸಮೇತ ಗುಂಡಿಗೆ ಹಾಕಿ ಸುಟ್ಟ. ಹಸಿ ಹುಲ್ಲು ಸುಲಭಕ್ಕೆ ಉರಿಯಲಿಲ್ಲ, ಓಣಿ ತುಂಬ ಹೊಗೆ. ನಾನು ಹೊಗೆಯ ನೆಪದಲ್ಲಿ ಒಳಗೆ ಕೂತು ಅತ್ತುಬಿಟ್ಟೆ.

ನನ್ನ ಗಂಡ ಈ ಸುದ್ದಿಯನ್ನು ತಾಯಿಗೆ ಹೇಳಿದನಂತೆ. “ಒಳ್ಳೇದಾತು,” ಅಂದರಂತೆ ಅವರು.

ಆ ಹುಲ್ಲು ಒಂದೇ ಸಲಕ್ಕೆ ಹೋಗಲಿಲ್ಲ. ಮಳೆ ಬಿದ್ದಾಗಲೆಲ್ಲ ಉಳಿದ ಬೇರುಗಳಿಂದ ಅಲ್ಲೊಂದು ಇಲ್ಲೊಂದು ಬಿಳಿಗೆರೆಯ ಕುಡಿ ಏಳುತ್ತಿತ್ತು. ಅಪ್ಪ ಬಗ್ಗಿ ನೆಲ ನೋಡುತ್ತ ತಿರುಗಿ ಒಂದೊಂದನ್ನೇ ಕೀಳುತ್ತಿದ್ದ. ನನಗೆ ಮಗಳು ಹುಟ್ಟಿ, ಬಾಣಂತನಕ್ಕೆ ಅಲ್ಲಿದ್ದಾಗ ಇದನ್ನು ದಿನಾ ನೋಡಿದೆ. ಕೂಸು ನೆಲಕ್ಕೆ ಇಳಿಯುವ ಮೊದಲು ಅಂಗಳವನ್ನೆಲ್ಲ ಬೆರಳಿನಿಂದ ಕೆದರಿ ನೋಡುತ್ತಿದ್ದ. ಕೆಲವು ವರ್ಷಗಳಲ್ಲಿ ಕುಡಿ ಏಳುವುದೂ ನಿಂತಿತು. ಅಪ್ಪ ಅಲ್ಲಿ ಬೇರೇನೂ ನೆಡಲಿಲ್ಲ. ಬದನೆ ಹಚ್ಚು ಅಂದರೆ, “ನನ್ನ ಕೈಗುಣ ಸುಮಾರದವಾ,” ಅನ್ನುತ್ತಿದ್ದ. ಡ್ಯೂಟಿ ಮುಗಿದ ಮೇಲೆ ಮತ್ತೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಲು ಶುರು ಮಾಡಿದ್ದ. ಊಟಕ್ಕೆ ಕರೆಯಲು ಮಾತ್ರ ಯಾರೂ ಇರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಗಂಡನಿಗೆ ಮಾನ್ವಿಗೆ ವರ್ಗವಾಯಿತು. ನಾವು ಮೂವರೂ ಅಲ್ಲಿಗೆ ಹೋದೆವು. ಅತ್ತೆ ಹೊಲ ಬಿಟ್ಟು ಬರುವುದಿಲ್ಲವೆಂದು ದೇವದುರ್ಗದಲ್ಲೇ ಉಳಿದರು. ಒಂದು ಬೆಳಿಗ್ಗೆ ರಾಯಚೂರಿನಿಂದ ಸುದ್ದಿ ಬಂತು, ಅಪ್ಪನಿಗೆ ಎದೆನೋವು. ಸಿಕ್ಕ ಬಸ್ಸು ಹತ್ತಿದೆವು. ಕಲ್ಲೂರಿನಲ್ಲಿ ಬಸ್ಸು ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ಮೇಲಕ್ಕೆ ಹಾಕಿಸಿಕೊಳ್ಳುತ್ತ ನಿಂತೇಬಿಟ್ಟಿತು. ನಾನು ಕಂಡಕ್ಟರನ ಜೊತೆ ಜಗಳಕ್ಕೆ ನಿಂತೆ. ನಾವು ಮುಟ್ಟುವಷ್ಟರಲ್ಲಿ ಅಪ್ಪನನ್ನು ಬಾಗಿಲ ಮುಂದೆ, ಆ ಬೋಳು ದಾರಿಯ ಮೇಲೆ ಮಲಗಿಸಿದ್ದರು. ಕರ್ಮ ಮುಗಿಸಿ ಕ್ವಾರ್ಟರ್ಸ್ ಖಾಲಿ ಮಾಡಿಕೊಟ್ಟೆವು.

ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ. ಮಾನ್ವಿಯಲ್ಲಿ ಮಗಳು ಎಲ್ಲಿಂದಲೋ ಒಂದು ಬೂದಿ ಬಣ್ಣದ ಬೆಕ್ಕಿನ ಮರಿ ಎತ್ತಿಕೊಂಡು ಬಂದಳು. ಬೆಕ್ಕು ಬೇಡವೇ ಬೇಡ ಎಂದು ನಾನು ಕೂಗಾಡಿದೆ, ಅವಳು ನನ್ನ ಮಗಳಲ್ಲವೇ, ನನಗಿಂತ ಜೋರಾಗಿ ಕೂಗಾಡಿದಳು. ಮರಿ ಉಳಿಯಿತು. ಮನೆಯ ಮಾಲಕರು ವರಾಂಡದ ಕುಂಡದಲ್ಲಿ ಚಂದಕ್ಕೆಂದು ಒಂದು ಬಗೆಯ ಸಣ್ಣೆಲೆಯ ಹುಲ್ಲು ಬೆಳೆಸಿದ್ದರು. ಒಂದು ದಿನ ನೋಡುತ್ತೇನೆ, ಮರಿ ಆ ಕುಂಡಕ್ಕೆ ಬಾಯಿ ಹಾಕಿ ಜಗಿಯುತ್ತಿದೆ. ಐದು ನಿಮಿಷಕ್ಕೆ ಕಾರಿಕೊಂಡಿತು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ದನದ ದವಾಖಾನೆಗೆ ಓಡಿದೆ.

ಡಾಕ್ಟರು ಒಂದು ಎಮ್ಮೆಗೆ ಸೂಜಿ ಹಾಕಿ ಕೈ ತೊಳೆಯುತ್ತಿದ್ದರು. ಮಧ್ಯವಯಸ್ಸಿನ, ಅವಸರವಿಲ್ಲದ ಮನುಷ್ಯ. ಮರಿಯ ಬಾಯಿ ಬಿಡಿಸಿ ನೋಡಿದರು, ಮೂಗು ಕಿವಿ ನೋಡಿದರು.

“ಏನೂ ಆಗಿಲ್ರಿ ಅಕ್ಕಾರ. ಬೆಕ್ಕು ಹೊಟ್ಟಿ ಸ್ವಚ್ಛ ಮಾಡ್ಕೊಳ್ಳಾಕ ಹುಲ್ಲು ತಿಂತಾವ, ಕಾರ್ತಾವ, ಮತ್ತ ಆಡ್ತಾವ. ತೆನಿ ಇರೋ ಹುಲ್ಲಾದ್ರ ಅದರ ಮುಳ್ಳು ಮೂಗಾಗ, ಕಿವ್ಯಾಗ ಸಿಕ್ಕೊಂಡದೇನು ಅಂತ ನೋಡ್ಕೋರಿ. ಎಲಿಯಿಂದ ಹೆದರಿಕಿ ಇಲ್ಲ.”

“ಬಿಳಿ ಗೆರಿ ಇರೋ ಹುಲ್ಲಾದ್ರ?” ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

“ಬುಡಕ ಗಡ್ಡಿ ಇರತದೋ, ಬರೀ ಬೇರೋ? ದೊಡ್ಡ ಹೂ ಬಿಡತದೇನು?”

“ಬರೀ ಬೇರ್ರಿ. ಹೂ ಬಿಟ್ಟಿದ್ದು ನಾ ಕಂಡಿಲ್ಲ.”

“ಲಿಲ್ಲಿ ಗಿಡ ಕೆಲವು ಹುಲ್ಲಿನಂಗೇ ಕಾಣ್ತಾವ. ಅವು ಬೆಕ್ಕಿಗಿ ಕೆಟ್ಟವು. ನೀವು ಹೇಳೋದು ಖರೇ ಹುಲ್ಲೇ. ಗೆರಿ ಇದ್ರೇನು, ಇಲ್ಲದಿದ್ರೇನು? ಏನೂ ಆಗಂಗಿಲ್ಲ.”

“ನಮ್ಮ ಮನ್ಯಾಗ ಒಂದು ಬೆಕ್ಕು ಅದನ್ನ ತಿಂದು ಸತ್ತದ್ರಿ,” ಅಂದೆ. ಸಿಟ್ಟಿನಿಂದಲೇ ಅಂದೆ ಅನ್ನಿಸುತ್ತದೆ. ಹೇಗೆ ಸತ್ತಿತು ಎಂದು ಅವರು ಕೇಳಿದರು. ನಡುಕ, ಜೊಲ್ಲು, ಸೆಟೆದ ಕಾಲು ಎಲ್ಲ ಹೇಳಿದೆ. ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ಅದರ ಮೈಗಿ ಏನರ ಹಚ್ಚಿದ್ರೇನ್ರಿ? ಚಿಗಟಕ್ಕಂತ ತಗಣಿ ಪುಡಿ ಗಿಡಿ? ಬಾಳ ಮಂದಿ ಹಚ್ತಾರ. ಬೆಕ್ಕು ಮೈಯೆಲ್ಲ ನೆಕ್ಕತಾವ. ಹೊಟ್ಟಿಗಿ ಹೋತಂದ್ರ ಉಳಿಯಂಗಿಲ್ಲ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಸಂಜೆಯ ಅಂಗಳ, ಡಬ್ಬಿಯ ಸದ್ದು, ಬೆಕ್ಕಿನ ಸೀನು, ನಾವಿಬ್ಬರೂ ನಕ್ಕದ್ದು ಎಲ್ಲ ಒಟ್ಟಿಗೆ ಬಂತು. ಡಾಕ್ಟರು ನೀರು ತರಿಸಿದರು. ಗಟಗಟ ಕುಡಿದೆ. ಆಮೇಲೆ ನಾನು ಮಾಡಿದ್ದು ನೆನೆದರೆ ನಾಚಿಕೆಯಾಗುತ್ತದೆ, ಎಮ್ಮೆಯವನ ಮುಂದೆ, ಡಾಕ್ಟರ ಮುಂದೆ ದೊಡ್ಡ ದನಿಯಲ್ಲಿ ಅತ್ತುಬಿಟ್ಟೆ. ಬೆಕ್ಕಿನ ಮರಿಗಾಗಿ ಅಳುತ್ತಿದ್ದಾಳೆಂದು ಅವರು ತಿಳಿದರು. “ಉಳಿತದ್ರಿ ಅಕ್ಕಾರ, ಉಳಿತದ,” ಎಂದು ಡಾಕ್ಟರು ಹೇಳುತ್ತಲೇ ಇದ್ದರು.

ಅವತ್ತೇ ದೇವದುರ್ಗದ ಬಸ್ಸು ಹತ್ತಿ ಹೋಗಿ ಅತ್ತೆಯ ಮುಖದ ಮೇಲೆ ಇದನ್ನು ಅಂದುಬಿಡಬೇಕು ಎನ್ನುವಷ್ಟು ನನಗೆ ಸಿಟ್ಟು ಬಂದಿತ್ತು. ಗಂಡ ಎಲ್ಲ ಕೇಳಿಸಿಕೊಂಡ. “ಅವ್ವಗ ಹೇಳಬ್ಯಾಡ,” ಅಂದ. “ನಿಮ್ಮಪ್ಪ ಹೊಳ್ಳಿ ಬರಂಗಿಲ್ಲ. ಅಕಿ ಆ ಬೆಕ್ಕಿಗಿ ನನಗಿಂತ ಹೆಚ್ಚು ಮಾಡ್ಯಾಳ. ತನ್ನ ಕೈಲೇ ಸತ್ತದಂತ ಗೊತ್ತಾದ್ರ ತಡ್ಕೊಳ್ಳಂಗಿಲ್ಲ.” ನಾನು ಒಪ್ಪಿಕೊಂಡೆ. ಬಾಯಿ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ.

ಆ ವರ್ಷ ದಸರೆಗೆ ದೇವದುರ್ಗಕ್ಕೆ ಹೋದೆವು. ಮಗಳು ಮರಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದಿದ್ದಳು. ಬೆಕ್ಕವ್ವ ಸತ್ತ ಮೇಲೆ ಅತ್ತೆ ಬೆಕ್ಕು ಸಾಕಿರಲಿಲ್ಲ. ಮೊದಲ ದಿನ ಅದರ ಕಡೆ ನೋಡಲಿಲ್ಲ. ಎರಡನೆಯ ದಿನ ಹಾಲಿನ ಬಟ್ಟಲು ಹೊರಗೆ ಬಂತು. ಆಮೇಲೆ ಕೇಳುವುದೇ ಬೇಡ, ಮರಿ ಅವರ ಸೆರಗಿನಲ್ಲೇ ಇರುತ್ತಿತ್ತು. ಹಲ್ಲುಬಿದ್ದ ಬಾಯಿ ಮತ್ತೆ ನಗುವುದನ್ನು ಕಂಡು, ಗಂಡ ಹೇಳಿದ್ದೇ ಸರಿ, ನಾನು ಬಾಯಿ ಮುಚ್ಚಿಕೊಂಡದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಹಬ್ಬದ ಹಿಂದಿನ ದಿನ ಮತ್ತೆ ಅದೇ ಯುದ್ಧ. ಹೊರಸುಗಳು ಅಂಗಳದಲ್ಲಿ, ಸುಣ್ಣದ ಬಕೆಟ್ಟು, ಕುದಿನೀರು. ನಾನು ಒಳಗಿನ ನೆಲ ಸಾರಿಸಿ ಹೊರಗೆ ಬಂದೆ. ಅತ್ತೆ ಕಟ್ಟೆಯ ಮೇಲೆ ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಡಬ್ಬಿ. ಅದೇ ತೂತಿನ ಮುಚ್ಚಳ.

“ಎಲ್ಲಾದರದೂ ಹಬ್ಬ ಆತು. ನಿಂದ್ ಆಗಬ್ಯಾಡೇನು?”

ನಾನು ಹೋಗಿ ಅವರ ಮುಂಗೈ ಹಿಡಿದೆ. ಕೈಯಲ್ಲಿದ್ದ ಸಗಣಿಯೆಲ್ಲ ಅವರ ಬಳೆಗೆ ಮೆತ್ತಿತು. “ಅತ್ತೀ, ಬ್ಯಾಡ.”

“ಯಾಕ ಬೇ?”

“ಬೆಕ್ಕು ಮೈ ನೆಕ್ಕತಾವ. ಪುಡಿ ಹೊಟ್ಟಿಗಿ ಹೋಗತದ. ಸಾಯ್ತಾವಂತ, ಡಾಕ್ಟ್ರು ಹೇಳ್ಯಾರ.”

ಅಷ್ಟಕ್ಕೇ ನಿಲ್ಲಿಸಿದೆ. ಮುಂದಿನದನ್ನು ನಾನು ಹೇಳಲಿಲ್ಲ, ದೇವರಾಣೆ ಹೇಳಲಿಲ್ಲ. ಅತ್ತೆ ಡಬ್ಬಿಯನ್ನು ನೋಡಿದರು. ಮರಿಯನ್ನು ನೋಡಿದರು. ಆಮೇಲೆ ಬಚ್ಚಲ ಮಗ್ಗುಲಿನ ಖಾಲಿ ನೆಲದ ಕಡೆ ಅವರ ಕಣ್ಣು ಹೋಯಿತು.

“ಹುಲ್ಲು?” ಅಂದರು.

“ಹುಲ್ಲಿನಿಂದ ಏನೂ ಆಗಂಗಿಲ್ಲಂತ ಅತ್ತಿ.”

ಮರಿಯನ್ನು ನನ್ನ ಕೈಗೆ ಕೊಟ್ಟು ಎದ್ದರು. ಬಚ್ಚಲಿಗೆ ಹೋಗಿ ಕೈ ತೊಳೆದರು. ಬೂದಿ ಹಚ್ಚಿ ತೊಳೆದರು, ಮತ್ತೆ ಬೂದಿ ಹಚ್ಚಿ ತೊಳೆದರು. ಡಬ್ಬಿಯನ್ನು ತಿಪ್ಪೆಯ ಆಚೆ ಗುಂಡಿ ತೋಡಿ ಹುಗಿದರು. ಅವತ್ತು ಊಟ ಮಾಡಲಿಲ್ಲ. ನಾನು ಒಳಗೊಳಗೇ ಕಾದಿದ್ದ ಗಳಿಗೆ ಅದು. ಬಂದಾಗ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಹಬ್ಬ ಮುಗಿದ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ನನ್ನ ಮುಂದೆ ನಿಂತರು. ಕೈಯಲ್ಲಿ ತೊಯ್ಸಿದ ಗೋಣಿತಟ್ಟು. “ನಡಿ ಯವ್ವಾ, ರಾಯಚೂರಿಗಿ ಹೋಗಿ ಬರೂಣು. ನಿಮ್ಮಪ್ಪನ ಮನಿ ತೋರಸು. ಎಲ್ಲೆರ ಒಂದು ಬೇರು ಉಳದಿರತದ.”

ಅಪ್ಪ ಬದುಕಿದ್ದಾಗ ಅವರು ಒಮ್ಮೆಯೂ ಆ ಮನೆಗೆ ಬಂದಿರಲಿಲ್ಲ. ಬೇರು ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. ಯವ್ವಾ ಎಂದು ಕರೆದರಲ್ಲ, ಇಲ್ಲ ಅನ್ನದೆ ಹೊರಟೆ.

ಕ್ವಾರ್ಟರ್ಸ್‌ಗೆ ಹೊಸ ಸಂಸಾರ ಬಂದಿತ್ತು. ದಾರಿಯ ಎರಡೂ ಬದಿ ಇಟ್ಟಿಗೆಗಳನ್ನು ಓರೆಯಾಗಿ ಹುಗಿದು ಸುಣ್ಣ ಬಳಿದಿದ್ದರು. ಆಚೆ ಮೆಣಸಿನ ಗಿಡಗಳು. ಆ ಮನೆಯ ಹೆಂಗಸು ಒಳ್ಳೆಯವಳು, ಬರ್ರಿ ಬರ್ರಿ ಎಂದು ಒಳಗೆ ಕರೆದಳು. ಅತ್ತೆ ಒಳಗೆ ಹೋಗಲಿಲ್ಲ.

“ಯವ್ವಾ, ಇಲ್ಲಿ ಬಿಳಿ ಗೆರಿ ಇರೋ ಹುಲ್ಲು ಏನರ ಕಂಡೀಯೇನು?” ಎಂದು ಕೇಳಿದರು. ಆಕೆ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ನಂಬಲಿಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ, ಇಟ್ಟಿಗೆಗಳ ಸಂದು, ಮೆಣಸಿನ ಬುಡ, ಬಚ್ಚಲ ಕಾಲುವೆ ಎಲ್ಲ ನೋಡಿದರು. ಬೆರಳಿನಿಂದ ಮಣ್ಣು ಕೆದರಿದರು. ನನ್ನ ಅಪ್ಪ ಕೂಡ ಹೀಗೇ ಬಗ್ಗಿ, ಹೀಗೇ ಬೆರಳಿನಿಂದ ಕೆದರಿ, ಒಂದೂ ಉಳಿಯದ ಹಾಗೆ ಕಿತ್ತಿದ್ದ. ನೋಡಲಾಗದೆ ನಾನು ಗೇಟಿನ ಹೊರಗೆ ಬಂದು ನಿಂತೆ.

ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು. ಅಪ್ಪ ಕೂರುತ್ತಿದ್ದ ಕಲ್ಲು ಇನ್ನೂ ಅಲ್ಲೇ ಇತ್ತು, ಯಾರದೆಂದು ನಾನು ಅವರಿಗೆ ಹೇಳಿರಲಿಲ್ಲ. ಮನೆಯ ಬಾಗಿಲ ಕಡೆ ತಿರುಗಿ ಕೈ ಮುಗಿದರು.

“ತಪ್ಪಾತ್ರಿ ಬೀಗರ,” ಅಂದರು. “ನನಗ ಗೊತ್ತಿರಲಿಲ್ರಿ.”

ಬಾಗಿಲಲ್ಲಿ ನಿಂತಿದ್ದ ಹೆಂಗಸು ಗಾಬರಿಯಾಗಿ ನನ್ನ ಮುಖ ನೋಡಿದಳು.

ವಾಪಸ್ಸು ಬಸ್ಸಿನಲ್ಲಿ ಗೋಣಿತಟ್ಟು ಅತ್ತೆಯ ತೊಡೆಯ ಮೇಲೆ ಇತ್ತು. ಹೊಸ ಸೀರೆ ತೊಯ್ದಿತ್ತು. ಬಹಳ ದೂರ ಬಂದ ಮೇಲೆ, “ಅವತ್ತು ನಿಮ್ಮಪ್ಪ ಒಂದು ಮಾತು ಹೊಳ್ಳಿ ಅನ್ನಬೇಕಿತ್ತು ಯವ್ವಾ. ಅಂದಿದ್ರ ನಾನೂ ಅಂತಿದ್ದೆ. ಜಗಳಾಡಿ ಮುಗೀತಿತ್ತು,” ಅಂದರು. ಹೌದು ಅತ್ತಿ, ಅಂದೆ. ದೇವದುರ್ಗ ಬರುವಷ್ಟರಲ್ಲಿ ಗೋಣಿತಟ್ಟು ಒಣಗಿತ್ತು.